ಜರಗನಹಳ್ಳಿಯ ಗೇಟುಗಳಲ್ಲಿ ಒಂದು ಆಷಾಢ

ಹೋದ ತಿಂಗಳು ಕೆಲಸದ ಮೇಲೆ ಸಾರಕ್ಕಿ ಸಿಗ್ನಲ್ಲಿನ ಹತ್ತಿರ ಇಳಿದೆ. ಮಳೆ ಇರಲಿಲ್ಲ, ಗಾಳಿ ಇತ್ತು. ಬೆಂಗಳೂರಿನ ಆಷಾಢದ ಗಾಳಿ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಮೈಗೆ ತಣ್ಣಗೆ ತಾಗುತ್ತದೆ, ಕಣ್ಣಿಗೆ ದೂಳು ಹಾಕುತ್ತದೆ, ದಿನವಿಡೀ ಒಂದೇ ಸಮನೆ ಬೀಸುತ್ತದೆ. ಅಡ್ಡರಸ್ತೆಯಲ್ಲಿ ಯಾವುದೋ ಗೇಟಿಗೆ ಕಟ್ಟಿದ ತಗಡಿನ ಟು-ಲೆಟ್ ಬೋರ್ಡು ಆ ಗಾಳಿಗೆ ಕಬ್ಬಿಣದ ಸರಳಿಗೆ ಬಡಿಯುತ್ತಿತ್ತು. ನಾನು ನಿಂತುಬಿಟ್ಟೆ. ಬಲಗೈ ತಾನಾಗಿಯೇ ಚೀಲದೊಳಗೆ ಹೋಗಿ, ಅಲ್ಲಿ ಈಗ ಇಲ್ಲದ ಒಂದು ಕ್ಯಾಮೆರಾವನ್ನು ತಡಕಾಡಿತು.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿದ್ದಾಗಿನ ಮಾತು. ಆಗ ನಾನು ಬಿ.ಟಿ.ಎಂ. ಲೇಔಟಿನ ಒಂದು ಕಚೇರಿಯಲ್ಲಿ ವಿಮೆಯ ಕಾಗದಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸದಲ್ಲಿದ್ದೆ. ಊರು ಗದಗಿನ ಹತ್ತಿರ. ನನ್ನ ಜೊತೆಗೆ ಶೋಭಾ ಇದ್ದಳು, ಬಾಗಲಕೋಟೆಯವಳು, ಅದೇ ಕಚೇರಿ. ನಾವಿಬ್ಬರು ಹುಡುಗಿಯರು ಸೇರಿ ಜರಗನಹಳ್ಳಿಯಲ್ಲಿ ಜಯಮ್ಮ ಎಂಬವರ ಮಹಡಿಯ ಮೇಲಿನ ಶೀಟ್ ಮನೆಯನ್ನು ಬಾಡಿಗೆಗೆ ಹಿಡಿದಿದ್ದೆವು. ಒಂದು ಕೋಣೆ, ಒಂದು ಸಣ್ಣ ಅಡುಗೆಮನೆ, ಹೊರಗೆ ಟೆರೇಸು. ಜಯಮ್ಮನವರ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಒಂದು ಕಾಲಕ್ಕೆ ಆ ಮನೆಯವರೆಲ್ಲ ಅಲ್ಲೇ ರಾಗಿ ಬೆಳೆದವರು. ಹೊಲ ಸೈಟುಗಳಾದ ಮೇಲೆ ಉಳಿದ ಜಾಗದಲ್ಲಿ ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು.

ಆ ಮನೆ ಸಿಗುವ ಮುಂಚೆ ನಾವು ನಾಲ್ಕು ತಿಂಗಳು ಪಟ್ಟ ಪಾಡಿನಿಂದಲೇ ಇದೆಲ್ಲ ಹುಟ್ಟಿದ್ದು. ಮನೆ ತೋರಿಸಿದ ಬ್ರೋಕರು ಒಂದೇ ಮನೆಗೆ ಬೇರೆ ಬೇರೆ ದಾರಿಯಿಂದ ಮೂರು ಸಲ ಕರೆದುಕೊಂಡು ಹೋಗಿದ್ದ. ಮೂರನೆಯ ಸಲ ಶೋಭಾ ಬಾಗಿಲ ಬಳಿಯ ತುಳಸಿಕುಂಡದ ಗುರುತು ಹಿಡಿದು ನಕ್ಕುಬಿಟ್ಟಳು. ಆಮೇಲೆ ಭಾನುವಾರಗಳಲ್ಲಿ ನಾವೇ ನಡೆದೆವು. ನಡೆದಾಗ ತಿಳಿದದ್ದೇನೆಂದರೆ, ಬೋರ್ಡುಗಳು ದೊಡ್ಡ ರಸ್ತೆಯಲ್ಲಿ ಇರುವುದಿಲ್ಲ. ಒಳಗಿನ ಅಡ್ಡರಸ್ತೆಗಳಲ್ಲಿ, ಹಿಂದಿನ ಗೇಟುಗಳಲ್ಲಿ ಇರುತ್ತವೆ. ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ, ಕ್ಯಾಲೆಂಡರಿನ ಬೆನ್ನಿನ ಮೇಲೆ, ಒಂದು ಕಡೆ ಹಳೆಯ ಊಟದ ತಟ್ಟೆಯ ಮೇಲೆ ಕೂಡ. ಆ ದಾರಿಯಲ್ಲಿ ಕಾಲಿಟ್ಟವರಿಗೆ ಮಾತ್ರ ಕಾಣುತ್ತವೆ. ಮನೆ ಬೇಕಾದವರು ಬಿ.ಟಿ.ಎಂ.ನಲ್ಲಿ, ಬೊಮ್ಮನಹಳ್ಳಿಯಲ್ಲಿ ಕೂತು ಹುಡುಕುತ್ತಿರುತ್ತಾರೆ. ಬೋರ್ಡು ಇಲ್ಲಿ ಗಾಳಿಗೆ ಆಡುತ್ತಿರುತ್ತದೆ.

ನನಗೆ ಆಗಲೇ ಒಂದು ಬ್ಲಾಗು ಇತ್ತು. ಊರಿನ ನೆನಪು, ರೊಟ್ಟಿಯ ನೆನಪು, ಹೀಗೆ ಏನೇನೋ ಬರೆದಿದ್ದೆ. ಯಾರೂ ಓದಿರಲಿಲ್ಲ. ಮನೆ ಸಿಕ್ಕ ಮೇಲೆ ಒಂದು ದಿನ, ನಮಗೆ ಬೇಡವಾದ ಆದರೆ ಚೆನ್ನಾಗಿದ್ದ ಒಂದು ಮನೆಯ ಬೋರ್ಡಿನ ಫೋಟೊ ಹಾಕಿ, ಮನೆ ಹೇಗಿದೆ ಎಂದು ನಾಲ್ಕು ಸಾಲು ಬರೆದೆ. ಮರುದಿನ ಅದರ ಕೆಳಗೆ ಗುರುತಿಲ್ಲದ ಒಬ್ಬರು ಕೇಳಿದ್ದರು: ಇಂಥವು ಇನ್ನೂ ಇವೆಯೇ? ನನ್ನ ಬರಹಕ್ಕೆ ಬಂದ ಮೊದಲ ಪ್ರಶ್ನೆ ಅದು. ರೊಟ್ಟಿಯ ಬ್ಲಾಗನ್ನು ಅಲ್ಲಿಗೇ ಬಿಟ್ಟು ‘ಬೋರ್ಡು ನೋಡಿ’ ಎಂಬ ಹೊಸದನ್ನು ಶುರುಮಾಡಿದೆ.

ಶುರುಮಾಡಿದ್ದು ಆಷಾಢದ ಮೊದಲ ಭಾನುವಾರ. ಅದನ್ನು ಕೇಳಿ ಜಯಮ್ಮನವರು ಕೈಯಲ್ಲಿದ್ದ ಮೊರ ಕೆಳಗಿಟ್ಟರು. ಆಷಾಢದಲ್ಲಿ ಯಾರೂ ಹೊಸ ಕೆಲಸಕ್ಕೆ ಕೈಹಾಕುವುದಿಲ್ಲ, ಅದರಲ್ಲೂ ಮನೆಯ ವಿಷಯ, ಒಂದು ತಿಂಗಳು ತಡೆದರೆ ಏನು ಗಂಟು ಹೋಗುತ್ತದೆ ಎಂದು ಬೈದರು. ಆದರೆ ನಾನು ಕಂಡದ್ದೇ ಬೇರೆ. ಆಷಾಢದಲ್ಲಿ ಮನೆ ಬದಲಾಯಿಸಬಾರದೆಂದು ಜನ ಜ್ಯೇಷ್ಠದ ಕೊನೆಗೇ ಗಡಿಬಿಡಿಯಲ್ಲಿ ಖಾಲಿ ಮಾಡುತ್ತಾರೆ. ಹಾಗೆ ಖಾಲಿಯಾದ ಮನೆಗಳಿಗೆ ಆಷಾಢವಿಡೀ ಯಾರೂ ಬರುವುದಿಲ್ಲ. ಆದ್ದರಿಂದ ವರ್ಷದಲ್ಲೇ ಹೆಚ್ಚು ಬೋರ್ಡುಗಳು ತೂಗುವುದು ಆ ತಿಂಗಳಲ್ಲಿ. ನನಗೆ ಅದೇ ಸುಗ್ಗಿ.

ಕೆಲಸದ ಕ್ರಮ ಹೀಗಿತ್ತು. ಭಾನುವಾರ ಬೆಳಿಗ್ಗೆ ಜರಗನಹಳ್ಳಿಯಿಂದ ಹೊರಟು ಜೆ.ಪಿ. ನಗರದ ಅಡ್ಡರಸ್ತೆಗಳಲ್ಲಿ ನಡೆಯುವುದು. ಬೋರ್ಡು ಕಂಡರೆ ಫೋಟೊ. ಗಾಳಿಗೆ ಬೋರ್ಡು ತಿರುಗಿ ಬೆನ್ನು ತೋರಿಸುತ್ತಿತ್ತು, ಶೋಭಾ ಒಂದು ಕೈಯಿಂದ ಹಿಡಿಯುತ್ತಿದ್ದಳು. ಆದ್ದರಿಂದ ಆ ಕಾಲದ ಎಲ್ಲ ಫೋಟೊಗಳಲ್ಲೂ ಮೂಲೆಯಲ್ಲಿ ಅವಳ ಬಳೆ ಇದೆ. ಆಮೇಲೆ ಕರೆಗಂಟೆ ಒತ್ತಿ ಮನೆಯವರನ್ನು ಕೇಳುವುದು: ನೀರು ಹೇಗೆ, ಬೆಳಕು ಹೇಗೆ, ಎಂಥವರು ಬೇಕು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುವುದು. ಮಧ್ಯಾಹ್ನ ಸೈಬರ್ ಸೆಂಟರಿನಲ್ಲಿ ಕೂತು, ಫೋಟೊಗಳನ್ನು ಚಿಕ್ಕದು ಮಾಡಿ ಏರಿಸುವುದು. ಕನ್ನಡದಲ್ಲಿ ಬರೆದು ಕೆಳಗೆ ಇಂಗ್ಲಿಷಿನಲ್ಲೂ ಎರಡು ಸಾಲು. ಕಣ್ಣಿಗೆ ಬಿದ್ದ ಬೋರ್ಡು ಒಂದನ್ನೂ ಬಿಡಬಾರದು, ಯಾರ ಮಾತಿಗೂ ಬಣ್ಣ ಹಚ್ಚಬಾರದು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು.

ಇದರಿಂದ ಮುಜುಗರಗಳೂ ಆದವು. ಜೆ.ಪಿ. ನಗರದ ಒಬ್ಬ ನಿವೃತ್ತ ಹಿರಿಯರು, ಎಂಥವರು ಬೇಕು ಎಂದು ನಾನು ಕೇಳಿದಾಗ, ಯೋಚಿಸಿ, ‘ಉತ್ತರ ಕರ್ನಾಟಕದೋರು ಬೇಡಮ್ಮ. ಒಳ್ಳೇವ್ರೇ, ಆದ್ರೆ ಜೋರಾಗಿ ಮಾತಾಡ್ತಾರೆ’ ಎಂದರು.

‘ಹೌದ್ರೀ ಸರ?’ ಎಂದಳು ಶೋಭಾ, ತನಗೆ ಸಾಧ್ಯವಾದಷ್ಟು ಮೆಲ್ಲಗೆ.

ಅವರಿಗೆ ಆಗ ತಿಳಿಯಿತು. ಕೆಂಪಗಾದರು. ನಾನು ಅದನ್ನೂ ಅವರು ಹೇಳಿದಂತೆಯೇ ಹಾಕಿದೆ, ಕೇಳಿದವರು ಗದಗು ಮತ್ತು ಬಾಗಲಕೋಟೆಯವರು ಎಂದೂ ಸೇರಿಸಿದೆ. ಆ ವಾರ ಅತಿ ಹೆಚ್ಚು ಕಮೆಂಟು ಬಂದದ್ದು ಅದಕ್ಕೆ. ಆ ಹಿರಿಯರು ಮೊಮ್ಮಗಳ ಕಂಪ್ಯೂಟರಿನಲ್ಲಿ ಅದನ್ನು ನೋಡಿದರಂತೆ. ಮುಂದಿನ ಭಾನುವಾರ ಗೇಟಿನಲ್ಲೇ ನಿಂತು ಕರೆದು, ಕಾಫಿ ಕೊಟ್ಟು, ಆ ಸಾಲು ತೆಗೆದುಬಿಡು ಎಂದರು. ತೆಗೆದೆ. ಅವರು ಮಾತು ಬದಲಾಯಿಸಿದ್ದರು, ನಾನು ಬದಲಾದದ್ದನ್ನು ಬರೆದೆ, ಅಷ್ಟೆ.

ಒಂದೇ ಒಂದು ಚಿಂತೆ ಇತ್ತು. ಓದುವವರು ಹೆಚ್ಚುತ್ತಿದ್ದರು, ಆದರೆ ಒಂದು ಮನೆಯೂ ಹೋಗಿರಲಿಲ್ಲ. ಆಷಾಢದಲ್ಲಿ ಯಾರೂ ಮನೆ ಸೇರುವುದಿಲ್ಲವೆಂದು ಗೊತ್ತಿದ್ದೂ, ಕಾರಣ ಅದೇ ಎಂದು ನನಗೆ ಹೊಳೆಯಲೇ ಇಲ್ಲ. ನನ್ನ ಬರಹದಲ್ಲೇ ಕೊರತೆ ಇದೆಯೆಂದು ತಿಳಿದು ಇನ್ನಷ್ಟು ನಿಖರವಾಗಿ ಬರೆಯತೊಡಗಿದೆ: ಕಿಟಕಿ ಯಾವ ದಿಕ್ಕಿಗೆ, ಮೆಟ್ಟಿಲು ಎಷ್ಟು ಕಡಿದು, ಪಕ್ಕದ ಮನೆಯ ನಾಯಿ ಕಚ್ಚುತ್ತದೆಯೋ ಬರೀ ಬೊಗಳುತ್ತದೆಯೋ.

ಆ ತಿಂಗಳು ಬ್ರೋಕರುಗಳಿಗೂ ಕೆಲಸವಿರುವುದಿಲ್ಲ. ಟೀ ಅಂಗಡಿಯ ಮುಂದೆ ಕೂತಿರುತ್ತಾರೆ. ಕೂತವರ ಕಣ್ಣಿಗೆ ನಾವು ಬಿದ್ದೆವು. ನಮ್ಮ ಬಡಾವಣೆಯ ಬ್ರೋಕರುಗಳಲ್ಲಿ ಹಿರಿಯರೆಂದರೆ ನಾಗರಾಜಣ್ಣ. ಅವರು ಜಯಮ್ಮನವರ ಸ್ವಂತ ಮೈದುನ, ಗಂಡನ ತಮ್ಮ. ಎದುರುಬದಿಯ ಮನೆಯಲ್ಲೇ ಇದ್ದರು.

ಈಗ ಹೇಳುವುದನ್ನು ನಾನು ಕಂಡಷ್ಟೇ ಹೇಳುತ್ತೇನೆ.

ಶೋಭಾಗೆ ಜ್ವರವಿದ್ದ ಒಂದು ಭಾನುವಾರ ನಾನೊಬ್ಬಳೇ ಹೋಗಿದ್ದೆ. ಸಾರಕ್ಕಿ ಕಡೆಯ ಒಂದು ಅಡ್ಡರಸ್ತೆಯಲ್ಲಿ ಮೂವರು ಎದುರಾದರು. ನಾಗರಾಜಣ್ಣ ಒಬ್ಬರು. ಇನ್ನಿಬ್ಬರ ಮುಖ ಪರಿಚಯವಿತ್ತು, ಹೆಸರು ಗೊತ್ತಿರಲಿಲ್ಲ. ಆ ಇಬ್ಬರಲ್ಲಿ ಎತ್ತರದವನು ಏನೂ ಮಾತಾಡದೆ ನನ್ನ ಕೈಯಿಂದ ಕ್ಯಾಮೆರಾ ತೆಗೆದುಕೊಂಡ. ಕಸಿದ ಎಂದು ಹೇಳಲಾರೆ. ನನ್ನ ಕೈ ಹಿಡಿತವನ್ನೇ ಬಿಟ್ಟಿತ್ತು. ಕೆಳಗಿನ ಮುಚ್ಚಳ ತೆರೆದು ಮೆಮೊರಿ ಕಾರ್ಡು ಎಳೆದ. ಅದನ್ನು ರಸ್ತೆಗೆ ಹಾಕಿ ಚಪ್ಪಲಿಯ ಹಿಮ್ಮಡಿಯಿಂದ ಒತ್ತಿದ. ಮೊದಲ ಸಲಕ್ಕೆ ಮುರಿಯಲಿಲ್ಲ. ಕಲ್ಲಿನ ಮೇಲಿಟ್ಟು ಮತ್ತೆ ಒತ್ತಿದ. ಎದುರು ಮನೆಯ ಕಿಟಕಿಯಲ್ಲಿ ಯಾರೋ ಇದ್ದರು, ಪರದೆ ಎಳೆದುಕೊಂಡರು.

ನಾಗರಾಜಣ್ಣ ತಡೆಯಲಿಲ್ಲ. ಮುಗಿದ ಮೇಲೆ ಕ್ಯಾಮೆರಾವನ್ನು ತಾವೇ ಈಸಿಕೊಂಡು, ಮುಚ್ಚಳ ಸರಿಯಾಗಿ ಹಾಕಿ, ನನ್ನ ಕೈಗೆ ಕೊಟ್ಟರು. ‘ಇದಕ್ಕೇನೂ ಆಗಿಲ್ಲ, ನೋಡ್ಕೋ’ ಎಂದರು. ಸ್ವಲ್ಪ ತಡೆದು, ‘ನೀನು ಆಟ ಆಡ್ತಿದೀಯ. ಇದು ನಮ್ ಅನ್ನ ಕಣಮ್ಮ’ ಎಂದರು. ದನಿ ಎತ್ತರಿಸಿರಲಿಲ್ಲ. ಅವರು ಹೇಳಿದ್ದು ಸುಳ್ಳೂ ಆಗಿರಲಿಲ್ಲ.

ಮನೆಗೆ ಬಂದು ಮಹಡಿಯ ಬೀಗಕ್ಕೆ ಕೀಲಿ ಹಾಕಲು ಆಗಲಿಲ್ಲ. ಕೀಲಿ ಬೀಗದ ಸುತ್ತ ಗೀರುತ್ತಿತ್ತು. ಜಯಮ್ಮನವರು ಕೆಳಗಿನಿಂದ ನೋಡಿ ಮೇಲೆ ಬಂದು, ಕೀಲಿ ತೆಗೆದುಕೊಂಡು ತಾವೇ ತೆಗೆದರು. ಏನಾಯಿತೆಂದು ಕೇಳಿದರು. ಯಾರು ಯಾರು ಇದ್ದರೆಂದು ಹೇಳಿದೆ. ಮೈದುನನ ಹೆಸರು ಬಂದಾಗ ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಒಂದು ಚೊಂಬು ನೀರು ಕೊಟ್ಟು ಇಳಿದುಹೋದರು.

ಆ ವಾರದಲ್ಲೇ ಒಂದು ಸಂಜೆ ಕಚೇರಿಯಿಂದ ಬಂದಾಗ ನಮ್ಮದೇ ಗೇಟಿಗೆ ಟು-ಲೆಟ್ ಬೋರ್ಡು ಕಟ್ಟಿತ್ತು. ಬಿಳಿ ತಗಡು, ನೀಲಿ ಅಕ್ಷರ, ಕೆಳಗೆ ಜಯಮ್ಮನವರ ಮನೆಯ ಫೋನ್ ನಂಬರು. ಕಟ್ಟಿದ್ದು ನಾಗರಾಜಣ್ಣ. ಬ್ಲಾಗು ನಿಲ್ಲಿಸಿದರೆ ಬೋರ್ಡು ಇಳಿಯುತ್ತದೆ, ಇಲ್ಲದಿದ್ದರೆ ಶ್ರಾವಣ ಹುಟ್ಟಿದ ದಿನ ಬೇರೆಯವರು ಬರುತ್ತಾರೆ, ಇದು ಅವರ ಮಾತು. ಜಯಮ್ಮನವರು ಅದಕ್ಕೆ ಇಲ್ಲ ಎಂದಿರಲಿಲ್ಲ. ಎನ್ನುವ ಸ್ಥಿತಿಯಲ್ಲಿಯೂ ಇರಲಿಲ್ಲ. ಗಂಡ ಹೋದಾಗ ಮಣ್ಣು ಮಾಡುವುದರಿಂದ ಹಿಡಿದು ಖಾತೆ ಬದಲಾವಣೆಯವರೆಗೆ ಓಡಾಡಿದವರು ಆ ಮೈದುನನೇ. ಆದರೂ ಒಂದು ಮಾತು ಹೇಳಿದ್ದರು: ‘ಆಷಾಢದಲ್ಲಿ ನಾನು ಯಾರ್ನೂ ಮನೆ ಬಿಡ್ಸಲ್ಲ. ಅದಾದ್ಮೇಲೆ ನೋಡೋಣ.’ ಹೀಗೆ ನನ್ನ ಕೆಲಸಕ್ಕೆ ಅಡ್ಡ ಎಂದು ಅವರು ಬೈದ ತಿಂಗಳೇ ನಮಗೆ ಆಸರೆಯಾಯಿತು.

ನನಗೆ ಆ ಮನೆ ಹೋಗುವುದೆಂದರೆ ಬರೀ ಮನೆ ಹೋಗುವುದಾಗಿರಲಿಲ್ಲ. ಒಳ್ಳೆಯವರ ಮನೆಯಲ್ಲಿ ಇರುವತನಕ ಇರು, ಇಲ್ಲವಾದರೆ ಮರಳಿ ಬಾ ಎಂದು ಅಪ್ಪ ಹೇಳಿ ಕಳಿಸಿದ್ದರು. ಅವರು ಒಮ್ಮೆ ಬಂದು ಜಯಮ್ಮನವರನ್ನು ಕಂಡು, ನಿಶ್ಚಿಂತರಾಗಿ ಹೋಗಿದ್ದರು. ಮತ್ತೊಮ್ಮೆ ಹುಡುಕುವ ನಾಲ್ಕು ತಿಂಗಳನ್ನು ಅವರು ನನಗೆ ಕೊಡುತ್ತಿರಲಿಲ್ಲ.

ಶೋಭಾ ಸಿಟ್ಟಿನಲ್ಲಿದ್ದಳು. ‘ನಿನ್ನ ಹಟಕ್ಕ ನಾನೂ ಓಣ್ಯಾಗ ಬೀಳಬೇಕೇನ?’ ಎಂದಳು. ನ್ಯಾಯವಾದ ಪ್ರಶ್ನೆ. ನಿಲ್ಲಿಸಿಬಿಡುತ್ತೇನೆ ಎಂದೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ಎರಡು ದಿನ ಇಬ್ಬರೂ ಮಾತಾಡಲಿಲ್ಲ. ಶನಿವಾರ ಸಂಜೆ ಅವಳೇ ಹೊಸ ಮೆಮೊರಿ ಕಾರ್ಡು ತಂದು ನನ್ನ ದಿಂಬಿನ ಮೇಲೆ ಎಸೆದಳು. ಬೆಳಿಗ್ಗೆ ನಾನು ಗೇಟು ದಾಟಿ ಮುಂದೆ ಹೋದಾಗ ಹಿಂದಿನಿಂದ ಕರೆದಳು.

‘ಎಲ್ಲಾರ ಮನಿ ಬೋರ್ಡಿನ ಫೋಟೊ ತೆಗೀತಿ, ನಮ್ಮ ಮನಿದ ಯಾಕ ಬಿಟ್ಟಿ?’

ಅವಳು ಬೋರ್ಡನ್ನು ಗಾಳಿಗೆ ಆಡದಂತೆ ಹಿಡಿದು ನಿಂತಿದ್ದಳು. ಫೋಟೊ ತೆಗೆದೆ. ಬೇರೆ ಮನೆಗಳಿಗೆ ಬರೆದ ಹಾಗೆಯೇ ನಮ್ಮ ಮನೆಗೂ ಬರೆದೆ. ಅದು ನನಗೆ ಈಗಲೂ ಬಾಯಿಗೆ ಬರುತ್ತದೆ:

‘ಜರಗನಹಳ್ಳಿ. ಮಹಡಿಯ ಮೇಲೆ ಶೀಟಿನ ಮನೆ, ಒಂದು ಕೋಣೆ, ಅಡುಗೆಮನೆ. ಮಧ್ಯಾಹ್ನ ಸೆಕೆ. ಗಾಳಿ ಬಂದರೆ ಶೀಟು ಬಡಿಯುತ್ತದೆ. ಬೋರ್ ನೀರು ಮೇಲೆ ಬರುತ್ತದೆ, ಕಾವೇರಿ ನೀರನ್ನು ಕೆಳಗಿನಿಂದ ಹೊತ್ತು ತರಬೇಕು. ಮನೆಯ ಒಡತಿ ಕೆಳಗೇ ಇದ್ದಾರೆ. ಯಾರು ಬಂದರು, ಯಾಕೆ ಬಂದರು ಎಂದು ಕೇಳುತ್ತಾರೆ. ಕೇಳಿ ತಿಳಿದದ್ದನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. ಈಗ ಇರುವವರು ಬಿಡುತ್ತಿರುವುದು ಮನೆಯಲ್ಲಿ ಕೊರತೆಯಿದ್ದು ಅಲ್ಲ.’

ಆ ದಿನ ನಾವು ಜೆ.ಪಿ. ನಗರದಲ್ಲಿ ನಡೆದಾಗ ಕಾರ್ಡು ಮುರಿದ ಸುದ್ದಿ ನಮಗಿಂತ ಮುಂಚೆ ಅಲ್ಲಿಗೆ ಹೋಗಿತ್ತು. ಕಾಫಿ ಕೊಟ್ಟ ಹಿರಿಯರು ಕೈಯಲ್ಲಿ ಕೊಡೆ ಹಿಡಿದು, ಮಳೆಯಿಲ್ಲದಿದ್ದರೂ, ನಮ್ಮ ಜೊತೆ ಮೂರು ಬೀದಿ ನಡೆದರು. ದಾರಿಯುದ್ದಕ್ಕೂ ತಮ್ಮ ಮಂಡಿನೋವಿನ ವಿಷಯ ಮಾತಾಡಿದರು.

ನಮ್ಮ ಮನೆ ನೋಡಲು ಜನ ಬರತೊಡಗಿದರು. ಆಷಾಢದಲ್ಲಿ ಮನೆ ಸೇರುವುದಿಲ್ಲವಾದರೂ ನೋಡಿಡಲು ಅಡ್ಡಿಯಿಲ್ಲವಲ್ಲ. ಜಯಮ್ಮನವರು ಒಬ್ಬೊಬ್ಬರನ್ನೂ ಮೇಲೆ ಕರೆತಂದು, ಕೋಣೆ ತೋರಿಸಿ, ಕೆಳಗೆ ಕರೆದೊಯ್ದು, ಕಳಿಸಿಬಿಡುತ್ತಿದ್ದರು. ಹುಡುಗರು ಬಂದರೆ ಹೆಣ್ಣುಮಕ್ಕಳಿಗೆ ಮಾತ್ರ ಎನ್ನುವರು. ಹೆಣ್ಣುಮಕ್ಕಳು ಬಂದರೆ ಸಂಸಾರಸ್ಥರಿಗೆ ಮಾತ್ರ. ಸಂಸಾರಸ್ಥರಿಗೆ ನೀರು ಸಾಲುವುದಿಲ್ಲ. ಹೊಸದಾಗಿ ಮದುವೆಯಾದ ಒಂದು ಜೋಡಿ ಬಂದಾಗ ಮಾತ್ರ ಅವರು ಒಂದು ಗಳಿಗೆ ತಡವರಿಸಿದ್ದನ್ನು ಮೆಟ್ಟಿಲ ಮೇಲಿಂದ ಕಂಡೆ. ಆಮೇಲೆ ಗಂಭೀರವಾಗಿ ಕೇಳಿದರು: ‘ಅಲ್ಲಮ್ಮ, ಆಷಾಢದಲ್ಲಿ ನೀವಿಬ್ರೂ ಜೊತೇಲಿ ಓಡಾಡ್ತಿದೀರಲ್ಲ, ನಿಮ್ಮತ್ತೆಗೆ ಗೊತ್ತಾ?’ ಆ ಹುಡುಗ ಹೆಂಡತಿಯನ್ನು ಬಿಟ್ಟು ಮೊದಲು ಗೇಟು ದಾಟಿದ.

ಅವರು ನಮ್ಮ ಪರವಾಗಿ ಹಾಗೆ ಮಾಡುತ್ತಿದ್ದಾರೆಂದು ಆಗ ನನಗೆ ಖಾತ್ರಿಯಿರಲಿಲ್ಲ. ಅವರು ನಮ್ಮೊಡನೆ ಮಾತು ಕಡಿಮೆ ಮಾಡಿದ್ದರು. ಮೈದುನನ ಎದುರಿಗೆ, ತೋರಿಸುತ್ತಿದ್ದೇನಲ್ಲ ಎನ್ನುತ್ತಿದ್ದರು. ಶ್ರಾವಣ ಹತ್ತಿರವಾಗುತ್ತಿತ್ತು. ತಾನೇ ಒಂದು ಪಾರ್ಟಿ ನೋಡಿದ್ದೇನೆ, ಅಡ್ವಾನ್ಸು ತರುತ್ತಾರೆ ಎಂದು ನಾಗರಾಜಣ್ಣ ಹೇಳಿದ್ದನ್ನು ನಾವು ಟೆರೇಸಿನಿಂದ ಕೇಳಿಸಿಕೊಂಡೆವು. ಶೋಭಾ ಪಾತ್ರೆಗಳನ್ನು ರಟ್ಟಿನ ಡಬ್ಬಿಗೆ ತುಂಬತೊಡಗಿದಳು.

ಆಷಾಢದ ಕೊನೆಯ ಭಾನುವಾರ ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ಮೂವತ್ತರ ಒಳಗಿನ ವಯಸ್ಸು, ಜೊತೆಗೆ ಪುಟ್ಟ ಮಗಳು. ಹೆಸರು ಕವಿತಾ ಎಂದಳು, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಎಂದಳು. ಜಯಮ್ಮನವರು ಜಗಲಿಯ ಮೇಲೆ ಕೂತು ಹುರುಳಿ ಹಸನು ಮಾಡುತ್ತಿದ್ದರು. ನಾನು ಬಟ್ಟೆ ಒಣಹಾಕಿ ಮೆಟ್ಟಿಲಿಳಿಯುತ್ತಿದ್ದವಳು ಅರ್ಧದಲ್ಲೇ ನಿಂತೆ.

‘ಯಜಮಾನ್ರು?’ ಎಂದರು ಜಯಮ್ಮ.

‘ಜೊತೇಲಿಲ್ಲಮ್ಮ. ಬಿಟ್ಟು ಬಂದಿದೀನಿ.’ ಕವಿತಾ ನಿಂತೇ ಇದ್ದಳು. ‘ಎಲ್ಲಾ ಕಡೆ ಇದನ್ನ ಕೇಳ್ತಾರೆ. ನಾನು ಸುಳ್ಳು ಹೇಳಲ್ಲ. ನಿಜ ಹೇಳಿದ್ರೆ ಸಾಯಂಕಾಲದೊತ್ತಿಗೆ ಬೀದಿಗೆಲ್ಲಾ ಗೊತ್ತಾಗಿರುತ್ತೆ, ಮಾರ್ನೇ ದಿನ ಮನೆ ಇಲ್ಲ ಅಂತಾರೆ. ನಮ್ ಆಫೀಸಲ್ಲಿ ಕಂಪ್ಯೂಟರ್ ಮೇಡಂ ನಿಮ್ ಮನೇದು ಓದಿ ಹೇಳಿದ್ರು. ನೀವು ಕೇಳ್ತೀರಂತೆ, ಆದ್ರೆ ಇನ್ನೊಬ್ರಿಗೆ ಹೇಳಲ್ವಂತೆ. ಅದಕ್ಕೇ ಬಂದೆ.’

ಮೊರ ಆಡುವುದು ನಿಂತಿತು.

‘ಹಂಗಂತ ಬರ್ದಿದಾರಾ?’

‘ಹೂಂನಮ್ಮ.’

ಜಯಮ್ಮ ತಲೆಯೆತ್ತಿ ಮೆಟ್ಟಿಲ ಮೇಲಿದ್ದ ನನ್ನನ್ನು ನೋಡಿದರು. ಆಮೇಲೆ ಮಗುವಿನ ಕೈಗೆ ಒಂದು ಬಾಳೆಹಣ್ಣು ಕೊಟ್ಟು, ಕವಿತಾಳಿಗೆ ಎರಡು ದಿನ ಬಿಟ್ಟು ಬರಲು ಹೇಳಿ ಕಳಿಸಿದರು. ಬೇರೆಯವರಿಗೆ ಹೇಳಿದಂತೆ ಯಾವ ನೆಪವನ್ನೂ ಹೇಳಲಿಲ್ಲ.

ಅವಳು ಹೋದ ಮೇಲೆ ನನ್ನನ್ನು ಕರೆದು, ಬರೆದದ್ದನ್ನೆಲ್ಲ ಹೇಳು ಎಂದರು. ಹೇಳಿದೆ. ಸೆಕೆ ಎಂದಾಗ ಹುಬ್ಬು ಗಂಟಿಕ್ಕಿದರು. ‘ಶೀಟು ಬಡಿಯುತ್ತೆ ಅಂತ ಲೋಕಕ್ಕೆಲ್ಲಾ ಸಾರ್ಬೇಕಿತ್ತಾ?’ ಎಂದರು. ಕೊನೆಯವರೆಗೂ ಕೇಳಿದರು. ಹುರುಳಿಯಲ್ಲಿ ಒಂದು ಕಲ್ಲು ಹೆಕ್ಕಿ ಆಚೆ ಎಸೆದರು.

‘ನಮ್ ಯಜಮಾನ್ರು ಹೋದಾಗಿಂದ ಈ ಬೀದೀಲಿ ಎಲ್ರ ಮನೆ ಸಂಗ್ತೀನೂ ನನ್ ಕಿವಿಗೆ ಬಿದ್ದಿದೆ. ಒಂದಿನ ಬಾಯಿ ಬಿಟ್ಟಿಲ್ಲ. ಯಾರೂ ಗಮನ್ಸಿಲ್ಲ ಅಂದ್ಕೊಂಡಿದ್ದೆ.’

ಅಷ್ಟು ಹೇಳಿ ಎದ್ದು ಒಳಗೆ ಹೋದರು. ನಾನು ಆವರೆಗೆ ಬರೆದ ಯಾವ ಸಾಲೂ ಯಾರಿಗೂ ಹೀಗೆ ತಲುಪಿರಲಿಲ್ಲ. ಅಂದು ಟೆರೇಸಿಗೆ ಹೋಗಿ ಶೋಭಾಗೆ ಹೇಳಿದೆ. ಅವಳು ರಟ್ಟಿನ ಡಬ್ಬಿಯಿಂದ ಚಹಾದ ಪಾತ್ರೆಯೊಂದನ್ನು ಹೊರತೆಗೆದಳು. ಉಳಿದದ್ದನ್ನು ಹಾಗೇ ಬಿಟ್ಟಳು.

ಸಂಜೆ ಜಯಮ್ಮನವರು ಎದುರು ಮನೆಯಿಂದ ಮೈದುನನನ್ನು ಕರೆಸಿದರು. ನನಗೂ ಕೆಳಗೆ ಬರಲು ಹೇಳಿದರು. ನಾಗರಾಜಣ್ಣ ಕುರ್ಚಿಯಲ್ಲಿ ಕೂತರು. ಜಯಮ್ಮ ಹೊಸ್ತಿಲಿಗೆ ಒರಗಿ ನಿಂತೇ ಮಾತಾಡಿದರು.

‘ನಾಗರಾಜಾ, ನಿಮ್ಮಣ್ಣ ಹೋದಾಗ ನೀನು ಓಡಾಡಿದ್ದು ಮರೆತಿಲ್ಲ. ಅದಕ್ಕೇ ಬೋರ್ಡ್ ಕಟ್ಟಿದಾಗ ಸುಮ್ನಿದ್ದೆ. ಈಗ ಅದನ್ನ ತೆಗಿ. ನಾನು ತೆಗೆದ್ರೆ ಬೀದಿ ನೋಡುತ್ತೆ, ನಿಂಗೆ ಮರ್ಯಾದೆ ಅಲ್ಲ. ನೀನೇ ತೆಗಿ.’

ನಾಗರಾಜಣ್ಣ ವಾದಿಸಿದರು. ಪಾರ್ಟಿಗೆ ಮಾತು ಕೊಟ್ಟಾಗಿದೆ ಎಂದರು. ಈ ಹುಡುಗಿಯರು ಇವತ್ತು ಇದ್ದು ನಾಳೆ ಹೋಗುವವರು, ನಾವು ಇಲ್ಲೇ ಇರುವವರು ಎಂದರು. ನನ್ನ ಕಡೆ ನೋಡಲಿಲ್ಲ. ಜಯಮ್ಮ ಪೂರ್ತಿ ಕೇಳಿದರು. ಕೇಳಿ, ಇನ್ನೊಂದು ಇದೆ ಎಂದರು. ನಾಗರಾಜಣ್ಣನ ಮನೆಯ ಹಿಂದಿನ ಪೋರ್ಷನ್ ಜ್ಯೇಷ್ಠದಿಂದ ಖಾಲಿ ಬಿದ್ದಿದೆ, ಅದನ್ನು ಇವತ್ತು ಬಂದಿದ್ದ ಕವಿತಾ ಎಂಬ ಹುಡುಗಿಗೆ ಕೊಡಬೇಕು, ದಲ್ಲಾಳಿ ಹಣ ಏನೂ ಇಲ್ಲದೆ.

‘ಅತ್ತಿಗೆ, ಗಂಡ ಇಲ್ದೋಳಿಗೆಲ್ಲಾ ಮನೆ ಕೊಟ್ರೆ...’

ಅಲ್ಲಿಗೆ ನಿಲ್ಲಿಸಿದರು. ಯಾರ ಮುಂದೆ ಕೂತು ಹೇಳುತ್ತಿದ್ದೇನೆಂದು ಅವರಿಗೆ ಆಗ ಅರಿವಾಯಿತು. ಅವರ ಮುಖ ಕುಂದಿದ್ದನ್ನು ನಾನು ಕಂಡೆ. ಕೆಟ್ಟ ಮನುಷ್ಯನ ಮುಖ ಹಾಗೆ ಕುಂದುವುದಿಲ್ಲ.

‘ಹೇಳು. ಮುಗ್ಸು’ ಎಂದರು ಜಯಮ್ಮ.

ಅವರು ಮುಗಿಸಲಿಲ್ಲ. ಎದ್ದು ಗೇಟಿನ ಬಳಿ ಹೋದರು. ತಂತಿ ಬಿಗಿಯಾಗಿ ಸುತ್ತಿದ್ದರಿಂದ ಬೋರ್ಡು ಬಿಡಿಸಲು ಹೊತ್ತು ಹಿಡಿಯಿತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ರಸ್ತೆ ದಾಟಿ ಹೋದರು.

ಆಷಾಢ ಮುಗಿಯಿತು. ಭೀಮನ ಅಮಾವಾಸ್ಯೆ ಕಳೆದ ಬೆಳಿಗ್ಗೆಯಿಂದ ಬ್ಲಾಗು ಓದಿದವರ ಕರೆಗಳಿಂದ ನನ್ನ ಮೊಬೈಲು ಬಿಡುವಿಲ್ಲದೆ ರಿಂಗಾಯಿತು. ತಿಂಗಳಿಡೀ ಓದುತ್ತಿದ್ದವರು ಸುಮ್ಮನೆ ಓದುತ್ತಿರಲಿಲ್ಲ. ಮನೆ ಗೊತ್ತುಮಾಡಿಕೊಂಡು, ತಿಂಗಳು ಕಳೆಯಲು ಕಾಯುತ್ತಿದ್ದರು. ಜೆ.ಪಿ. ನಗರದಲ್ಲಿ, ಬನಶಂಕರಿಯಲ್ಲಿ, ಕೋಣನಕುಂಟೆಯ ಕಡೆಯಲ್ಲೂ ನಾನು ಬರೆದ ಮನೆಗಳ ಗೇಟಿನಿಂದ ಬೋರ್ಡುಗಳು ಇಳಿದವು. ಮುಂದಿನ ಭಾನುವಾರ ಎಂದಿನ ದಾರಿಯಲ್ಲೇ ಹೋದರೆ ಫೋಟೊ ತೆಗೆಯಲು ಏನೂ ಸಿಗಲಿಲ್ಲ. ಹಿರಿಯರ ಮನೆಗೆ ಬೆಳಗಾವಿಯ ಒಂದು ಸಂಸಾರ ಬಂದಿತ್ತು, ಅವರು ನಿಜವಾಗಿಯೂ ಜೋರಾಗಿ ಮಾತಾಡುತ್ತಿದ್ದರು. ಅಂದು ಬ್ಲಾಗಿನಲ್ಲಿ ‘ಈ ವಾರ ಬೋರ್ಡುಗಳಿಲ್ಲ’ ಎಂದು ಒಂದೇ ಸಾಲು ಹಾಕಿದೆ. ಆಮೇಲೆ ಹಲವು ವರ್ಷ ಆ ಬ್ಲಾಗು ನಡೆಸಿದೆ, ಸಣ್ಣ ಜಾಹೀರಾತುಗಳೂ ಬಂದವು, ಶೋಭಾ ಮದುವೆಯಾಗಿ ಹೋದ ಮೇಲೆ ಬೋರ್ಡು ಹಿಡಿಯಲು ಬೇರೆಯವರೂ ಸೇರಿದರು. ದೊಡ್ಡ ಕಂಪನಿಗಳು ಇದೇ ಕೆಲಸಕ್ಕೆ ಇಳಿದ ಮೇಲೆ ನಾನೇ ನಿಲ್ಲಿಸಿದೆ. ಯಾರ ಹೆದರಿಕೆಗೂ ನಿಲ್ಲಿಸಲಿಲ್ಲ ಎನ್ನುವುದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಕಾರ್ಡು ಮುರಿದವನನ್ನು ಬಹಳ ಕಾಲದ ನಂತರ ಕನಕಪುರ ರಸ್ತೆಯ ಬಸ್ಸಿನಲ್ಲಿ ಕಂಡೆ. ಅವನಿಗೆ ಗುರುತು ಸಿಗಲಿಲ್ಲ. ನನ್ನ ಸ್ಟಾಪಿಗಿಂತ ಒಂದು ಮುಂಚೆಯೇ ನಾನು ಇಳಿದುಬಿಟ್ಟೆ.

ಆ ಶ್ರಾವಣದ ಮೊದಲ ಶುಕ್ರವಾರ ಕವಿತಾ ನಾಗರಾಜಣ್ಣನ ಹಿಂದಿನ ಪೋರ್ಷನ್ನಿಗೆ ಬಂದಳು. ಬೆಳಿಗ್ಗೆ ಹಾಲು ಉಕ್ಕಿಸಲು ನಮ್ಮನ್ನೆಲ್ಲ ಕರೆದಿದ್ದಳು. ಖಾಲಿ ಕೋಣೆ, ಸುಣ್ಣದ ವಾಸನೆ, ಮೂಲೆಯಲ್ಲಿ ಒಂದು ಟ್ರಂಕು. ಹೊಸ ಸ್ಟೀಲು ಪಾತ್ರೆಯಲ್ಲಿ ಹಾಲು ಹಾಕಿ ಸ್ಟೌ ಮೇಲೆ ಇಟ್ಟಿದ್ದಳು. ಹೊಸ ಮನೆಯಲ್ಲಿ ಮೊದಲ ಒಲೆಯನ್ನು ಮುತ್ತೈದೆ ಹಚ್ಚಬೇಕೆಂಬ ರೂಢಿ. ಅದಕ್ಕೆಂದೇ ನಾಗರಾಜಣ್ಣನ ಹೆಂಡತಿ ಕುಂಕುಮದ ಬಟ್ಟಲು ಹಿಡಿದು ಬಂದಿದ್ದರು. ಜಯಮ್ಮನವರು ಬಂದರು, ಆದರೆ ಒಳಗೆ ಬರಲಿಲ್ಲ. ಹೊಸ್ತಿಲ ಆಚೆ, ಗೋಡೆಗೆ ಸರಿದು ನಿಂತರು. ಅವರು ಇಂಥ ಕಡೆಯಲ್ಲೆಲ್ಲ ಅಲ್ಲೇ ನಿಲ್ಲುತ್ತಿದ್ದರೆಂದು ಅವರು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಕವಿತಾ ಬೆಂಕಿಪೊಟ್ಟಣ ಹಿಡಿದು ಹೊಸ್ತಿಲಿಗೆ ಹೋದಳು. ‘ಅಮ್ಮಾ, ನೀವು ಹಚ್ಚಿ’ ಎಂದಳು.

ಜಯಮ್ಮ ತಲೆಯಾಡಿಸಿದರು. ನಾನಲ್ಲ, ಅವಳು ಎಂದು ಓರಗಿತ್ತಿಯ ಕಡೆ ಕೈ ತೋರಿದರು. ಕವಿತಾ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ನಾಗರಾಜಣ್ಣ ಅಂಗಳದಲ್ಲಿದ್ದರು. ಎಲ್ಲರೂ ಅವರು ಏನಾದರೂ ಹೇಳುತ್ತಾರೆಂದು ಕಾದರು. ಅವರು ಹೆಂಡತಿಯನ್ನು ನೋಡಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿಯುವಂತೆ ಸನ್ನೆ ಮಾಡಿದರು. ಆಕೆ ಸರಿದು ದಾರಿ ಬಿಟ್ಟರು.

ಜಯಮ್ಮ ಒಳಗೆ ಬಂದರು. ಮೊದಲ ಕಡ್ಡಿ ಮುರಿಯಿತು. ಎರಡನೆಯದಕ್ಕೆ ಬೆಂಕಿ ಹತ್ತಿತು. ಸ್ಟೌ ಹೊತ್ತಿಸಿ, ಅದರ ಮುಂದೆಯೇ ನಿಂತು ಹಾಲನ್ನು ನೋಡುತ್ತಿದ್ದರು. ನಾನು ಅವರ ಹಿಂದೆ ಇದ್ದೆ. ತಿರುಗಿ ನೋಡದೆ ಕೇಳಿದರು:

‘ಇದನ್ನೂ ಬರೀತೀಯಾ?’

‘ಬ್ಯಾಡ ಅಂದ್ರ ಬರೆಯೂದಿಲ್ರಿ ಆಂಟಿ.’

ಹಾಲು ಅಂಚಿನವರೆಗೆ ಏರಿ, ನಡುಗಿ, ಪೂರ್ವದ ಕಡೆಗೆ ಉಕ್ಕಿ ಹರಿಯಿತು.

‘ಬರಿ’ ಎಂದರು.